ತೆಳು ಸ್ಕಾರ್ಫಿನ ತುದಿ ಸರಿ ಬರುತ್ತಿಲ್ಲವಾ? ಬಿಚ್ಚುವ ಮುಂಚೆ ಎಣಿಸಿ

ಮಳೆ ಹಿಡಿಯಿತೆಂದರೆ ಮಲೆನಾಡಿನ ಮನೆಗಳಲ್ಲಿ ಉಲ್ಲನ್ ಚೀಲ ಅಟ್ಟದಿಂದ ಕೆಳಗಿಳಿಯುತ್ತದೆ. ಮೊದಲೆಲ್ಲ ಹಾಕುತ್ತಿದ್ದದ್ದು ಸ್ವೆಟರ್, ಮಫ್ಲರ್, ಕೂಸಿಗೊಂದು ಕುಲಾವಿ, ಅಷ್ಟೇ. ಈಗ ಯೂಟ್ಯೂಬ್ ನೋಡಿಕೊಂಡು ತೆಳು ದಾರದ ಸ್ಕಾರ್ಫ್ ಹಾಕುವವರು ಜಾಸ್ತಿ. ಮೈಯೆಲ್ಲ ಸಣ್ಣ ಸಣ್ಣ ಉಬ್ಬು, ಎರಡೂ ತುದಿ ಚೂಪು. ನಿಟ್ (ಸೀದಾ ಕುಣಿಕೆ), ಪರ್ಲ್ (ಉಲ್ಟಾ ಕುಣಿಕೆ) ಎರಡು ಬಂದರೆ ಸಾಕು, ಹಾಕಬಹುದು. ಆದರೆ ಕೆಟ್ಟಾಗ ಎಲ್ಲಿ ಕೆಟ್ಟಿತು ಅಂತ ಹುಡುಕುವುದು ಸ್ವೆಟರಿಗಿಂತ ಕಷ್ಟ. ದಾರ ತೆಳು, ಕುಣಿಕೆ ಸಣ್ಣದು. ಮೇಲಾಗಿ ತಪ್ಪು ಕಣ್ಣಿಗೆ ಬೀಳುವ ಜಾಗ ಒಂದು, ಹುಟ್ಟಿದ ಜಾಗ ಇನ್ನೊಂದು.

ಸರಿ ಕಾಣಲಿಲ್ಲ ಅಂದ ಕೂಡಲೇ ಕಡ್ಡಿ ಎಳೆದು ಬಿಚ್ಚುವವರೇ ಹೆಚ್ಚು. ಹಾಗೆ ಮಾಡಬೇಡಿ. ಮೊದಲು ಕುಣಿಕೆ ಎಣಿಸಿ. ಎಣಿಕೆ ಸರಿ ಇದ್ದರೆ ನೆನೆಸಿ, ಒಣಗಿಸಿ ನೋಡಿ. ಆಮೇಲೂ ತಪ್ಪು ಹಾಗೇ ಇದ್ದರೆ ಬಿಚ್ಚಿ. ತೆಳು ಉಲ್ಲನ್ನನ್ನು ಪದೇಪದೇ ಬಿಚ್ಚಿದರೆ ನಾರು ಏಳುತ್ತದೆ, ಮತ್ತೆ ಹಾಕಿದಾಗ ಉಬ್ಬುಗಳು ಮಂಕಾಗುತ್ತವೆ. ಅದೂ ಅಲ್ಲದೆ ಕಾರಣ ತಿಳಿಯದೆ ಬಿಚ್ಚಿದವರು ಅದೇ ತಪ್ಪನ್ನು ಅದೇ ಜಾಗದಲ್ಲಿ ಮತ್ತೆ ಮಾಡುತ್ತಾರೆ.

ಯಾವ ಸ್ಕಾರ್ಫ್?

ಲೆಕ್ಕ ಇಲ್ಲದೆ ದೋಷ ಹುಡುಕಲಾಗದು. ಹಾಗಾಗಿ ಒಂದು ಅಳತೆ ಇಟ್ಟುಕೊಳ್ಳೋಣ. 100 ಗ್ರಾಂಗೆ ಸುಮಾರು 400 ಮೀಟರ್ ಬರುವ ದಾರ, 4 ಮಿ.ಮೀ. ಕಡ್ಡಿ. 3 ಕುಣಿಕೆ ಏರಿಸಿ ಶುರು. ಎರಡು ಸಾಲಿಗೊಮ್ಮೆ, ಎರಡೂ ಅಂಚಿನಲ್ಲಿ ಒಂದೊಂದು ಕುಣಿಕೆ ಹೆಚ್ಚಿಸಬೇಕು. 19 ಸಲ ಹೆಚ್ಚಿಸಿದರೆ 41 ಕುಣಿಕೆ, ಒಟ್ಟು 38 ಸಾಲು. ಎರಡೂ ಅಂಚಿನ 3 ಕುಣಿಕೆ ಯಾವ ಸಾಲಿನಲ್ಲೂ ನಿಟ್. ಒಳಗಿನದ್ದೆಲ್ಲ ಮಾಸ್ ಸ್ಟಿಚ್, ಅಂದರೆ ಒಂದು ನಿಟ್, ಒಂದು ಪರ್ಲ್, ಸಾಲಿನಿಂದ ಸಾಲಿಗೆ ಉಬ್ಬು ಅದಲುಬದಲಾಗುವ ಹಾಗೆ. ಮೊದಲ 7 ಕುಣಿಕೆ ಆಗುವ ತನಕ ಎಲ್ಲವೂ ನಿಟ್ ಹಾಕಿಬಿಡಿ, ತಲೆನೋವಿಲ್ಲ. 41 ಆದ ಮೇಲೆ ಬೇಕಾದಷ್ಟು ಉದ್ದ ನೇರವಾಗಿ ಹೋಗಿ, ಕೊನೆಗೆ ಅದೇ ಲೆಕ್ಕದಲ್ಲಿ ತಗ್ಗಿಸುತ್ತಾ 3ಕ್ಕೆ ಬರಬೇಕು. ಅಗಲ ಸುಮಾರು 18-19 ಸೆಂ.ಮೀ. ಬರುತ್ತದೆ.

ಈ ಲೆಕ್ಕದ ಜಾಣತನ ಏನೆಂದರೆ ಕುಣಿಕೆ ಯಾವಾಗಲೂ ಬೆಸ ಸಂಖ್ಯೆಯಲ್ಲೇ ಇರುತ್ತದೆ. 3, 5, 7, ಹೀಗೆ. ಹೆಚ್ಚಿಸುವ ಸಾಲು ಮುಗಿದ ಮೇಲೆ ಎಣಿಸಿದಾಗ ಸಮ ಸಂಖ್ಯೆ ಬಂತೆಂದರೆ ತಪ್ಪು ಆಗಿದೆ ಅಂತಲೇ ಅರ್ಥ. ಮುಂದಕ್ಕೆ ಹೋಗುವ ಹಾಗಿಲ್ಲ.

ಬಿರುಸಾಗಿದೆ, ಬಳುಕುವುದಿಲ್ಲ

ದಾರ ತೆಳುವೇ, ಆದರೂ ಕುತ್ತಿಗೆಗೆ ಹಾಕಿದರೆ ಇಳಿಬೀಳದೆ ನಿಂತುಕೊಳ್ಳುತ್ತದೆ. ಇಲ್ಲಿ ಮೊದಲು ನೋಡಬೇಕಾದ್ದು ಕೈಯನ್ನಲ್ಲ, ಕಡ್ಡಿಯ ನಂಬರನ್ನು.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಾಗಲಿ, ಸಾಗರ, ತೀರ್ಥಹಳ್ಳಿ ಪೇಟೆಯಲ್ಲಾಗಲಿ "8 ನಂಬರ್ ಕಡ್ಡಿ ಕೊಡಿ" ಎಂದರೆ ಸಾಮಾನ್ಯವಾಗಿ ಕೊಡುವುದು ಹಳೆಯ ಬ್ರಿಟಿಷ್ ಲೆಕ್ಕದ 8. ಅದು 4 ಮಿ.ಮೀ. ಆದರೆ ನೀವು ನೋಡಿದ ವಿಡಿಯೊ ಅಮೆರಿಕದ್ದಾದರೆ ಅವರ 8 ನಂಬರ್ ಎಂದರೆ 5 ಮಿ.ಮೀ. ಒಂದು ಮಿ.ಮೀ. ವ್ಯತ್ಯಾಸ ಸಣ್ಣದಲ್ಲ. ಅದೇ ದಾರದಲ್ಲಿ ಒಂದು ಬಳುಕುವ ಸ್ಕಾರ್ಫ್ ಆಗುತ್ತದೆ, ಇನ್ನೊಂದು ದಪ್ಪ ಪಟ್ಟಿ ಆಗುತ್ತದೆ. ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ: 9 ಎಂದರೆ 3.75, 10 ಎಂದರೆ 3.25 ಮಿ.ಮೀ. ಅಮೆರಿಕದ್ದು ಉಲ್ಟಾ, ನಂಬರ್ ಏರಿದಷ್ಟೂ ದಪ್ಪ. ಅವರ 10 ಅಂದರೆ 6 ಮಿ.ಮೀ. ಎರಡೂ ಲೆಕ್ಕ ಕೂಡಿ ಬರುವುದು 7ರಲ್ಲಿ, ಅಲ್ಲಿ ಎರಡೂ 4.5 ಮಿ.ಮೀ. ಹಾಗಾಗಿ ಅಂಗಡಿಯಲ್ಲಿ ನಂಬರ್ ಕೇಳುವುದನ್ನು ಬಿಟ್ಟು ಮಿಲಿಮೀಟರ್ ಕೇಳಿ. ಕಡ್ಡಿಯ ಮೇಲಿನ ಅಚ್ಚು ಅಳಿಸಿಹೋಗಿದ್ದರೆ ಮನೆಯ ಸ್ಕೇಲಿನ ಪಕ್ಕ 5 ಕಡ್ಡಿ ಜೋಡಿಸಿ ಅಗಲ ಅಳೆದು 5ರಿಂದ ಭಾಗಿಸಿ. ಒಂದೇ ಕಡ್ಡಿ ಅಳೆಯುವುದಕ್ಕಿಂತ ಇದು ನಂಬಿಕೆಯದು.

ಕಡ್ಡಿ ಸರಿಯೇ ಇದ್ದು ಇನ್ನೂ ಬಿರುಸು ಅನ್ನಿಸಿದರೆ ಬಿಚ್ಚಬೇಡಿ. ಕಡ್ಡಿಯ ಮೇಲಿರುವಾಗ ಮಾಸ್ ಸ್ಟಿಚ್ ಯಾವಾಗಲೂ ಗಿಡ್ಡಕ್ಕೆ, ಬಿಗಿಯಾಗಿಯೇ ಕಾಣುತ್ತದೆ. ಅಂಗೈಯಗಲದ ಒಂದು ಮಾದರಿ ತುಂಡು ಹಾಕಿ, ನೆನೆಸಿ, ಒಣಗಿಸಿ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಮಾದರಿ ತುಂಡು ಹಾಕಲು ಯಾರಿಗೂ ಮನಸ್ಸಿಲ್ಲ, ನನಗೆ ಗೊತ್ತು. ಆದರೆ ಸ್ಕಾರ್ಫಿನ ಮೊದಲ ತುದಿಯೇ ಮಾದರಿ ಅಂತ ಇಟ್ಟುಕೊಳ್ಳಬಹುದಲ್ವಾ? 38 ಸಾಲು ಆದ ಮೇಲೆ ಕುಣಿಕೆಗಳನ್ನು ಒಂದು ದಾರಕ್ಕೆ ಪೋಣಿಸಿ, ತುದಿಯನ್ನು ನೆನೆಸಿ ನೋಡಿ. ಹಿಡಿಸಿದರೆ ಅಲ್ಲಿಂದಲೇ ಮುಂದುವರಿಸಿ.

ಅಗಲ ತಾನಾಗಿಯೇ ಹೆಚ್ಚಾಗುತ್ತಿದೆ

ನೇರ ಭಾಗದಲ್ಲಿ 41 ಇರಬೇಕಾದ ಕಡೆ 43, 44 ಆಗಿರುತ್ತದೆ. ಅಂಚು ಸ್ವಲ್ಪ ಸ್ವಲ್ಪವೇ ಹೊರಗೆ ಸರಿದಿರುತ್ತದೆ. ಇದಕ್ಕೆ ಮುಖ್ಯವಾಗಿ ಎರಡು ಕಾರಣ. ಎರಡನ್ನೂ ಕಣ್ಣಲ್ಲೇ ಗುರುತು ಹಿಡಿಯಬಹುದು.

ಸ್ಕಾರ್ಫನ್ನು ಬೆಳಕಿಗೆ ಹಿಡಿಯಿರಿ. ಒಳಗಡೆ ಎಲ್ಲಾದರೂ ಒಂಟಿಯಾಗಿ ಸಣ್ಣ ತೂತು ಕಾಣುತ್ತದಾ? ಹಾಗಿದ್ದರೆ ದಾರ ಕಡ್ಡಿಯ ಮೇಲಿಂದ ಸುತ್ತಿ ಬಂದಿದೆ. ನಿಟ್ ಮುಗಿಸಿ ಪರ್ಲ್‌ಗೆ ಹೋಗುವಾಗ ದಾರ ಎರಡು ಕಡ್ಡಿಗಳ ನಡುವಿನ ಸಂದಿಯಿಂದ ಮುಂದೆ ಬರಬೇಕು. ಸಂದಿಯಿಂದ ಬರದೆ ಕಡ್ಡಿಯ ತಲೆಯ ಮೇಲಿಂದ ಬಂದರೆ ಅಲ್ಲೊಂದು ಸುಳ್ಳು ಕುಣಿಕೆ ಹುಟ್ಟುತ್ತದೆ. ಮುಂದಿನ ಸಾಲಿನಲ್ಲಿ ಅದನ್ನೂ ಲೆಕ್ಕಕ್ಕೆ ಹಿಡಿದು ಹೆಣೆದಿರುತ್ತೀರಿ. ಮಾಸ್ ಸ್ಟಿಚ್‌ನಲ್ಲಿ ದಾರ ಹಿಂದೆ ಮುಂದೆ ಓಡಾಡುತ್ತಲೇ ಇರುವುದರಿಂದ ಈ ತಪ್ಪಿಗೆ ಅವಕಾಶ ಜಾಸ್ತಿ. ಮಾತಾಡುತ್ತಾ ಹಾಕುವವರಿಗಂತೂ ಇದು ತಪ್ಪಿದ್ದಲ್ಲ.

ತೂತು ಎಲ್ಲೂ ಇಲ್ಲ, ಆದರೆ ಅಂಚು ಮಾತ್ರ ಮೆಟ್ಟಿಲು ಮೆಟ್ಟಿಲಾಗಿದೆ ಅಂದರೆ ಎರಡನೇ ಕಾರಣ. ಸಾಲು ತಿರುಗಿಸಿದಾಗ ದಾರ ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದುಕೊಂಡಿರುತ್ತದೆ. ಆಗ ಮೊದಲ ಕುಣಿಕೆಯ ಕೆಳಗಿನ ಎರಡು ಕಾಲು ಮೇಲೆ ಬಂದು, ಒಂದೇ ಕುಣಿಕೆ ಎರಡಾಗಿ ಕಾಣುತ್ತದೆ. ಎರಡಕ್ಕೂ ಹೆಣೆದರೆ ಒಂದು ಹೆಚ್ಚಾಯ್ತು. ಪರಿಹಾರ ಬಹಳ ಸರಳ: ಸಾಲು ತಿರುಗಿಸಿದ ಮೇಲೆ ದಾರ ಕಡ್ಡಿಯ ಕೆಳಗೇ ನೇತಾಡುತ್ತಿದೆಯಾ ಅಂತ ನೋಡಿ ಶುರು ಮಾಡಿ.

ಸರಿಪಡಿಸುವುದು ಹೇಗೆ? ಸುಳ್ಳು ಕುಣಿಕೆ ಹುಟ್ಟಿ ಒಂದೆರಡು ಸಾಲಷ್ಟೇ ಆಗಿದ್ದರೆ ಆ ಕುಣಿಕೆಯೊಂದನ್ನೇ ಕಡ್ಡಿಯಿಂದ ಜಾರಿಸಿಬಿಡಿ. ಅದು ತೂತಿನ ತನಕ ಬಿಚ್ಚಿಕೊಂಡು ಅಲ್ಲೇ ನಿಲ್ಲುತ್ತದೆ. ಉಳಿದ ಸಡಿಲ ದಾರವನ್ನು ಕಡ್ಡಿಯ ಮೊನೆಯಿಂದ ಅಕ್ಕಪಕ್ಕದ ಕುಣಿಕೆಗಳಿಗೆ ಹಂಚಿ. ಉಣ್ಣೆಯಾದರೆ ನೆನೆಸಿದಾಗ ಮಿಕ್ಕಿದ್ದೂ ಸರಿಹೋಗುತ್ತದೆ. ಹತ್ತು ಹದಿನೈದು ಸಾಲು ದಾಟಿದ್ದರೆ ಹೀಗೆ ಜಾರಿಸಬೇಡಿ, ಸಡಿಲ ಪಟ್ಟಿಯೊಂದು ಉದ್ದಕ್ಕೂ ಉಳಿದುಬಿಡುತ್ತದೆ. ಅಂಚಿನ ನಿಟ್ ಪಟ್ಟಿಯಲ್ಲಿ ಎರಡು ಕುಣಿಕೆ ಸೇರಿಸಿ ಒಂದು ಮಾಡಿ, ಒಳಗಿನ ಮಾಸ್ ಸರಿ ಕೂರುವ ಹಾಗೆ ಪಟ್ಟಿಯನ್ನು ಒಂದು ಕುಣಿಕೆ ಒಳಕ್ಕೆ ಸರಿಸಿಕೊಂಡು ಮುಂದೆ ಹೋಗಿ. ಕುತ್ತಿಗೆಗೆ ಸುತ್ತಿದ ಸ್ಕಾರ್ಫನ್ನು ಯಾರೂ ಭೂತಗನ್ನಡಿ ಹಿಡಿದು ನೋಡುವುದಿಲ್ಲ.

ಉಬ್ಬು ಹೋಗಿ ಗೆರೆ ಬಂದಿದೆ

ಮಾಸ್ ಸ್ಟಿಚ್‌ನಲ್ಲಿ ಉಬ್ಬುಗಳು ಒಂದರ ಮೇಲೊಂದು ಬರದೆ ಅದಲುಬದಲಾಗಿ ಕೂರಬೇಕು. ಅದರ ಬದಲು ನಿಂತ ಗೆರೆಗಳು ಕಂಡವೆಂದರೆ ನಿಟ್ ಮೇಲೆ ನಿಟ್, ಪರ್ಲ್ ಮೇಲೆ ಪರ್ಲ್ ಬಿದ್ದಿದೆ. ಗೆರೆ ಎಲ್ಲಿಂದ ಎಲ್ಲಿ ತನಕ ಇದೆ ಅಂತ ನೋಡಿದರೆ ಕಾರಣ ತಾನಾಗಿ ಸಿಗುತ್ತದೆ. ಒಂದು ಅಂಚಿನಿಂದ ಇನ್ನೊಂದು ಅಂಚಿಗೂ ಗೆರೆ ಇದ್ದರೆ ಆ ಸಾಲನ್ನು ಶುರು ಮಾಡಿದ್ದೇ ತಪ್ಪು, ಇಲ್ಲವೇ ಕುಣಿಕೆ ಸಮ ಸಂಖ್ಯೆ ಆಗಿಹೋಗಿದೆ. ಸ್ವಲ್ಪ ದೂರ ಸರಿಯಿದ್ದು ಆಮೇಲೆ ಗೆರೆ ಶುರುವಾಗಿದ್ದರೆ ಸರಿಯಾದದ್ದು ಮತ್ತು ತಪ್ಪಾದದ್ದು ಸೇರುವ ಜಾಗದಲ್ಲೇ ಒಂದು ಕುಣಿಕೆ ಹೆಚ್ಚಾಗಿದೆ ಅಥವಾ ಬಿದ್ದುಹೋಗಿದೆ.

ಹೆಚ್ಚಿಸುವ ಭಾಗದಲ್ಲಿ ಈ ತಪ್ಪು ಹೆಚ್ಚು. ಹೊಸ ಕುಣಿಕೆ ಸೇರಿದಾಗಲೆಲ್ಲ "ಈ ಸಾಲು ನಿಟ್‌ನಿಂದ ಶುರುವೋ ಪರ್ಲ್‌ನಿಂದಲೋ" ಎಂಬ ಗೊಂದಲ. ನನ್ನ ಮಾತು ಕೇಳಿ, ಆ ಲೆಕ್ಕವನ್ನೇ ಬಿಟ್ಟುಬಿಡಿ. ಎಡಗೈ ಕಡ್ಡಿಯಲ್ಲಿರುವ ಕುಣಿಕೆಯನ್ನು ನೋಡಿ. ಅದರ ಬುಡದಲ್ಲಿ ಅಡ್ಡ ಉಬ್ಬು ಕಂಡರೆ ನಿಟ್ ಹಾಕಿ. ವಿ ಆಕಾರ ಕಂಡರೆ ಪರ್ಲ್ ಹಾಕಿ. ಯಾವ ಸಾಲು, ಎಷ್ಟನೇ ಕುಣಿಕೆ ಏನೂ ಬೇಡ. ಕರೆಂಟ್ ಹೋಗಿ ಬಂದ ಮೇಲೂ ನಿಲ್ಲಿಸಿದ ಜಾಗದಿಂದ ಧೈರ್ಯವಾಗಿ ಮುಂದುವರಿಸಬಹುದು. ಕಪ್ಪು, ಗಾಢ ನೀಲಿ ದಾರದಲ್ಲಿ ಮಾತ್ರ ಉಬ್ಬು ಕಾಣುವುದೇ ಕಷ್ಟ. ಆ ಬಣ್ಣಗಳನ್ನು ಮಳೆಗಾಲದ ಮಬ್ಬು ಬೆಳಕಿಗೆ ಆರಿಸಿಕೊಳ್ಳಬೇಡಿ.

ಗೆರೆ ಇಲ್ಲ, ಆದರೆ ಉಬ್ಬುಗಳು ವಿಡಿಯೊದಲ್ಲಿ ಇದ್ದ ಹಾಗೆ ಇಲ್ಲ, ಜೋಡಿ ಜೋಡಿಯಾಗಿ ನಿಂತಿವೆ ಎಂದರೆ ಅದು ತಪ್ಪಲ್ಲ. ಅಮೆರಿಕದವರು ಮಾಸ್ ಎನ್ನುವುದು ಎರಡು ಸಾಲಿಗೊಮ್ಮೆ ಅದಲುಬದಲಾಗುವ ವಿನ್ಯಾಸವನ್ನು. ನೀವು ಅವರದ್ದನ್ನು ಹಾಕಿದ್ದೀರಿ, ಅಷ್ಟೇ.

ತುದಿ ಮೊಂಡಾಗಿದೆ ಅಥವಾ ಮಡಚಿಕೊಳ್ಳುತ್ತಿದೆ

ಮಕ್ಕಳ ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕ ತನ್ನಿ. ತಮಾಷೆಯಲ್ಲ. ಈ ಹೆಣಿಗೆಯಲ್ಲಿ ಒಂದು ಕುಣಿಕೆಯ ಅಗಲ ಹೆಚ್ಚುಕಡಿಮೆ ಎರಡು ಸಾಲಿನ ಎತ್ತರಕ್ಕೆ ಸಮ. ಆದ್ದರಿಂದ ಎರಡು ಸಾಲಿಗೊಮ್ಮೆ ಎರಡೂ ಕಡೆ ಹೆಚ್ಚಿಸಿದರೆ ತುದಿಯ ಕೋನ 90 ಡಿಗ್ರಿ ಆಸುಪಾಸು ಬರಬೇಕು. ನಿಮ್ಮದು 125 ಡಿಗ್ರಿ ದಾಟಿದ್ದರೆ ಪ್ರತಿ ಸಾಲಿನಲ್ಲೂ ಎರಡೂ ಕಡೆ ಹೆಚ್ಚಿಸಿದ್ದೀರಿ. 53ರ ಹತ್ತಿರ ಬಂದಿದ್ದರೆ ನಾಲ್ಕು ಸಾಲಿಗೊಮ್ಮೆ ಹೆಚ್ಚಿಸಿದ್ದೀರಿ, ಉದ್ದ ಚೂಪು ಬೇಕಿದ್ದವರಿಗೆ ಅದೇ ಸರಿ. ಕೋನ ನೋಡಿದರೆ ಸಾಲು ಎಣಿಸದೆಯೂ ಏನಾಗಿದೆ ಅಂತ ತಿಳಿಯುತ್ತದೆ.

ಕೋನ ಸರಿಯೇ ಇದೆ, ಆದರೆ ತುದಿ ಬಟ್ಟಲಿನ ಹಾಗೆ ಒಳಕ್ಕೆ ಮಡಚಿಕೊಳ್ಳುತ್ತದೆ ಅನ್ನುವವರು ಅಂಚನ್ನು ನೋಡಿ. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಸುಮ್ನೆ ದಾಟಿಸುವ ಅಭ್ಯಾಸ ಬಹಳ ಜನಕ್ಕಿದೆ. ಅಂಚು ಸರಪಳಿಯಾಗಿ ನೀಟಾಗಿ ಕಾಣುತ್ತದೆ ಅಂತ ಹೇಳಿಕೊಟ್ಟಿರುತ್ತಾರೆ. ನೇರ ಅಂಚಿಗೆ ಅದು ಚೆನ್ನ. ಓರೆ ಅಂಚಿಗೆ ಆಗಿಬರುವುದಿಲ್ಲ. ಯಾಕೆಂದರೆ 45 ಡಿಗ್ರಿ ಓರೆಯ ಅಂಚು ಅಷ್ಟೇ ಎತ್ತರದ ನೇರ ಅಂಚಿಗಿಂತ ಸುಮಾರು 1.4 ಪಟ್ಟು ಉದ್ದ. ದಾಟಿಸಿದ ಅಂಚಿನಲ್ಲಿ ಎರಡು ಸಾಲಿಗೆ ಒಂದೇ ಕುಣಿಕೆ ಸಿಗುವುದರಿಂದ ಅಷ್ಟು ದೂರಕ್ಕೆ ದಾರ ಸಾಲುವುದಿಲ್ಲ. ಅಂಚು ಎಳೆದು ಹಿಡಿಯುತ್ತದೆ, ನಡುಭಾಗ ಉಬ್ಬಿಕೊಳ್ಳುತ್ತದೆ. ನೆನೆಸಿ ಎಳೆದರೂ ಇದು ಪೂರ್ತಿ ಹೋಗುವುದಿಲ್ಲ. ಓರೆ ಭಾಗದಲ್ಲಿ ಮೊದಲ ಕುಣಿಕೆಯನ್ನೂ ಹೆಣೆಯಿರಿ, ಸ್ವಲ್ಪ ಸಡಿಲವಾಗಿಯೇ. ನೇರ ಭಾಗ ಬಂದ ಮೇಲೆ ಬೇಕಾದರೆ ದಾಟಿಸಿ.

ಎರಡು ತುದಿ ಒಂದೇ ತರ ಇಲ್ಲ

ಈ ದೂರು ಎಲ್ಲದಕ್ಕಿಂತ ಹೆಚ್ಚು. ಪಕ್ಕದ ಮನೆ ಅತ್ತಿಗೆ ಒಂದು ಸಂಜೆ ತಿಳಿಹಸಿರು ಸ್ಕಾರ್ಫ್ ತಂದು ಮೇಜಿನ ಮೇಲೆ ಹಾಕಿದರು.

"ನೋಡು ಮಾರಾಯ್ತಿ, ಒಂದು ತುದಿ ಚೂಪು, ಇನ್ನೊಂದು ಮೊಂಡು. ದಾರ ಅದೇ, ಕಡ್ಡಿ ಅದೇ, ಕೈ ನಂದೇ. ಇದು ಹೆಂಗೆ?"

"ಬಿಚ್ಚಿಲ್ಲ ತಾನೆ ಅತ್ತಿಗೆ?"

"ಬಿಚ್ಚಕ್ಕೇ ಹೊರಟಿದ್ದೆ. ಇವರು ಬೈದ್ರು."

ಸ್ಕಾರ್ಫನ್ನು ಉದ್ದಕ್ಕೆ ಅರ್ಧ ಮಡಚಿ, ತುದಿಯ ಮೇಲೆ ತುದಿ ಇಟ್ಟೆವು. ಅಂಚಿನ ನಿಟ್ ಪಟ್ಟಿಯಲ್ಲಿ ಎರಡು ಸಾಲಿಗೆ ಒಂದು ಅಡ್ಡ ಏಣು ಬರುತ್ತದೆ. ಅದನ್ನು ಮೊನೆಯಿಂದ ಎಣಿಸಿಕೊಂಡು ಬಂದೆವು. ಎರಡೂ ಕಡೆ 19. ಅಂದರೆ ಸಾಲಿನಲ್ಲಿ ತಪ್ಪಿಲ್ಲ. ಇಲ್ಲಿ 19, ಅಲ್ಲಿ 15 ಅಂತ ಬಂದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು, ತಗ್ಗಿಸುವಾಗ ಎಲ್ಲೋ ಎದುರು ಸಾಲು, ಹಿಂದಿನ ಸಾಲು ಎರಡರಲ್ಲೂ ತಗ್ಗಿಸಿದ್ದಾರೆ ಅಂತ.

ಆಮೇಲೆ ಓರೆ ಅಂಚನ್ನು ಹತ್ತಿರದಿಂದ ನೋಡಿದೆವು. ಶುರುವಿನ ತುದಿಯಲ್ಲಿ ಪಟ್ಟಿಯ ಪಕ್ಕ ಸಾಲಾಗಿ ಸಣ್ಣ ಕಿಂಡಿಗಳು. ಅತ್ತಿಗೆ ಹೆಚ್ಚಿಸಿದ್ದು ಕಡ್ಡಿಗೆ ದಾರ ಸುತ್ತಿ. ಕೊನೆಯ ತುದಿಯಲ್ಲಿ ಕಿಂಡಿ ಇಲ್ಲ, ಎರಡು ಕುಣಿಕೆ ಸೇರಿಸಿ ತಗ್ಗಿಸಿದ ಬಿಗಿಯಾದ ಗಂಟು. ದಾರ ಸುತ್ತಿ ಹೆಚ್ಚಿಸಿದರೆ ಅಂಚಿಗೆ ಹೆಚ್ಚುವರಿ ದಾರ ಸಿಗುತ್ತದೆ, ಅದು ಹಿಗ್ಗುತ್ತದೆ. ಎರಡು ಸೇರಿಸಿ ತಗ್ಗಿಸಿದರೆ ಅಂಚು ಕುಗ್ಗುತ್ತದೆ. ಒಂದು ತುದಿ ಉದ್ದವಾಗಿ, ಇನ್ನೊಂದು ಗಿಡ್ಡವಾಗಿ ಕಾಣಲು ಇಷ್ಟೇ ಸಾಕು. ಸಾಲದ್ದಕ್ಕೆ ಕೊನೆಯ 3 ಕುಣಿಕೆಯನ್ನು ಒಂದೊಂದಾಗಿ ಮುಚ್ಚಿದ್ದರು. ಅಲ್ಲಿ ಮೊನೆಯೇ ಇಲ್ಲ, ಚಪ್ಪಟೆ.

ಇದಕ್ಕೆ ಕೊನೆಯ ತುದಿಯನ್ನು ಮಾತ್ರ ಬಿಚ್ಚಿದರೆ ಸಾಕು, 38 ಸಾಲು. ಮತ್ತೆ ಹಾಕುವಾಗ ತಗ್ಗಿಸುವ ಜಾಗದಲ್ಲೂ ಕಿಂಡಿ ಬರುವ ಹಾಗೆ ಮಾಡಬೇಕು: ಪಟ್ಟಿಯ ಪಕ್ಕ ದಾರ ಒಂದು ಸಲ ಸುತ್ತಿ, ಅದರ ಪಕ್ಕದ ಮೂರು ಕುಣಿಕೆಯನ್ನು ಒಟ್ಟಿಗೆ ಹೆಣೆಯುವುದು. ಮೂರು ಒಂದಾದಾಗ ಎರಡು ಕಳೆಯಿತು, ಸುತ್ತಿದ್ದರಿಂದ ಒಂದು ಕೂಡಿತು. ಕಡೆಗೆ ಕಡಿಮೆಯಾದದ್ದು ಒಂದೇ. ಕಿಂಡಿಯೂ ಬಂತು, ಅಂಚಿಗೆ ಹಿಗ್ಗೂ ಬಂತು. ಕೊನೆಯ 3 ಕುಣಿಕೆಯನ್ನು ಮುಚ್ಚುವ ಬದಲು ಮೂರನ್ನೂ ಒಟ್ಟಿಗೆ ಹೆಣೆದು ಒಂದು ಮಾಡಿ, ದಾರ ಕತ್ತರಿಸಿ ಅದರೊಳಗಿಂದ ಎಳೆದರೆ ಮೊನೆ ನಿಲ್ಲುತ್ತದೆ.

ಕಿಂಡಿ ಬೇಡ ಅನ್ನುವವರು ತಗ್ಗಿಸುವಾಗ ವಾಲುವ ದಿಕ್ಕನ್ನಾದರೂ ಗಮನಿಸಿ. ಎರಡು ಕುಣಿಕೆಯನ್ನು ನೇರವಾಗಿ ಸೇರಿಸಿ ನಿಟ್ ಮಾಡಿದರೆ ಅದು ಬಲಕ್ಕೆ ವಾಲುತ್ತದೆ. ಇದು ಎಡ ಅಂಚಿಗೆ. ಒಂದೊಂದಾಗಿ ನಿಟ್‌ನಂತೆ ಬಲಗೈ ಕಡ್ಡಿಗೆ ದಾಟಿಸಿ, ಆಮೇಲೆ ಎರಡನ್ನೂ ಹಿಂಬದಿಯಿಂದ ಒಟ್ಟಿಗೆ ಹೆಣೆದರೆ ಎಡಕ್ಕೆ ವಾಲುತ್ತದೆ. ಇದು ಬಲ ಅಂಚಿಗೆ. ಅದಲುಬದಲಾದರೆ ಓರೆ ಗೆರೆ ನಯವಾಗಿ ಬರದೆ ಹಲ್ಲು ಹಲ್ಲಾಗುತ್ತದೆ.

ಆದರೆ ನನ್ನ ಪ್ರಕಾರ ಈ ಜಗಳವೇ ಬೇಡ ಎಂದರೆ ಸ್ಕಾರ್ಫನ್ನು ಎರಡು ಅರ್ಧವಾಗಿ ಹಾಕಬೇಕು. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ ತೆಳು ಉಣ್ಣೆಯ ಹೆಣಿಗೆಗೆ ದೊಡ್ಡ ಹೆಸರು, ಅಲ್ಲಿಯೂ ಉದ್ದ ಸ್ಟೋಲ್‌ಗಳನ್ನು ಎರಡು ತುದಿಯಿಂದ ಹೆಣೆದು ನಡುವೆ ಜೋಡಿಸುವ ಪದ್ಧತಿ ಇದೆ. ಎರಡೂ ತುದಿ 3 ಕುಣಿಕೆಯಿಂದಲೇ ಹುಟ್ಟಿದರೆ ಎರಡೂ ಒಂದೇ ತರ ಇರಲೇಬೇಕು. 100 ಗ್ರಾಂ ಉಂಡೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿ 50-50 ಮಾಡಿಕೊಳ್ಳಿ. ಎರಡನ್ನೂ ಒಂದೇ ಉದ್ದಕ್ಕೆ ತಂದು, ಎದುರುಬದಿಗಳು ಒಳಗೆ ಬರುವಂತೆ ಇಟ್ಟು, ಮೂರನೇ ಕಡ್ಡಿಯಿಂದ ಎರಡೂ ಕಡೆಯ ಕುಣಿಕೆಯನ್ನು ಒಟ್ಟಿಗೆ ಹೆಣೆಯುತ್ತಾ ಮುಚ್ಚಿ. ಒಂದು ಸಣ್ಣ ಏಣು ಬರುತ್ತದೆ. ಅದು ಕುತ್ತಿಗೆಯ ಹಿಂದೆ, ಜಡೆಯ ಕೆಳಗೆ ಹೋಗುತ್ತದೆ. ಕೊನೆಯಲ್ಲಿ ದಾರ ಸಾಲದೆ ತುದಿ ಅರ್ಧಕ್ಕೆ ನಿಲ್ಲುವ ಫಜೀತಿಯೂ ಇದರಲ್ಲಿ ಇಲ್ಲ.

ಕೆಲವರು ನಡುವಿನಿಂದ ಶುರು ಮಾಡಿ, ಒಂದು ತುದಿಗೆ ಹೋಗಿ, ಮತ್ತೆ ನಡುವಿನ ಕುಣಿಕೆ ಎತ್ತಿಕೊಂಡು ಇನ್ನೊಂದು ತುದಿಗೆ ಹೋಗುತ್ತಾರೆ. ಆಗ ನಡುವೆ ವಿನ್ಯಾಸ ಅರ್ಧ ಕುಣಿಕೆಯಷ್ಟು ಪಕ್ಕಕ್ಕೆ ಸರಿಯುತ್ತದೆ. ಅದು ತಪ್ಪಲ್ಲ, ಎದುರು ದಿಕ್ಕಿನಲ್ಲಿ ಹೆಣೆದರೆ ಕುಣಿಕೆಗಳು ಹಾಗೆಯೇ ಕೂರುವುದು. ಬಿಚ್ಚಿ ಪ್ರಯೋಜನವಿಲ್ಲ.

ಇಡೀ ಸ್ಕಾರ್ಫ್ ಒಂದು ಕಡೆಗೆ ವಾಲಿದೆ

ನೇರ ಭಾಗದಲ್ಲಿ ಒಂದು ಅಂಚಿನಲ್ಲಿ ಹೆಚ್ಚಾಗಿ ಇನ್ನೊಂದರಲ್ಲಿ ಕಡಿಮೆಯಾದರೆ ಎಣಿಕೆ 41 ಸರಿಯೇ ಇರುತ್ತದೆ, ಸ್ಕಾರ್ಫ್ ಮಾತ್ರ ಓರೆ ಹೋಗುತ್ತದೆ. ಎಣಿಕೆ ನಂಬಿ ಮೋಸ ಹೋಗುವುದು ಇಲ್ಲೊಂದು ಕಡೆ. ಅಂಚಿನ 3 ಕುಣಿಕೆಯ ಪಟ್ಟಿ ಮೇಲಿಂದ ಕೆಳಗಿನ ತನಕ 3 ಆಗಿಯೇ ಇದೆಯಾ ನೋಡಿ. ಇದ್ದೂ ವಾಲಿದ್ದರೆ ದಾರದ ಹುರಿ ಕಾರಣ ಇರಬಹುದು. ಉಂಡೆಯಿಂದ ಒಂದು ಮಾರು ದಾರ ಎಳೆದು ಎರಡು ಕೊನೆ ಹತ್ತಿರ ತನ್ನಿ. ತಾನೇ ಸುರುಳಿ ಸುತ್ತಿಕೊಂಡರೆ ಹುರಿ ಜಾಸ್ತಿ ಇದೆ. ಒಂದೇ ಎಳೆಯ ದಾರದಲ್ಲಿ ಇದು ಸಾಮಾನ್ಯ. ಬರೀ ನಿಟ್ ಬದಿ ಕಾಣುವ ಹೆಣಿಗೆಯಲ್ಲಿ ಹೆಚ್ಚು ವಾಲುತ್ತದೆ, ಮಾಸ್‌ನಲ್ಲಿ ಕಡಿಮೆ. ನೆನೆಸಿ ಚೌಕ ಕೂರಿಸಿದರೆ ಬಹುಪಾಲು ಸರಿಹೋಗುತ್ತದೆ.

ನೆನೆಸಿ ಒಣಗಿಸಿದ ಮೇಲೆ ಬರುವ ತೊಂದರೆ

ಬೇರೆ ಊರಿನವರಿಗೆ ಇದು ಎರಡು ಮಾತಿನಲ್ಲಿ ಮುಗಿಯುವ ವಿಷಯ. ನಮಗೆ ಹಾಗಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಜಾಸ್ತಿ ಮಳೆ. ಪುಷ್ಯ ಮಳೆ ಹಿಡಿದಾಗ ಹತ್ತಿಯ ಟವೆಲ್ಲೇ ಒಣಗುವುದಿಲ್ಲ, ಇನ್ನು ಉಣ್ಣೆ ಒಣಗುತ್ತದಾ?

ಉಣ್ಣೆ ತನ್ನ ತೂಕದ ಶೇ. 30ರಷ್ಟು ನೀರಿನ ಅಂಶ ಹೀರಿಕೊಂಡರೂ ಕೈಗೆ ಒದ್ದೆ ಅನ್ನಿಸುವುದಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಗದ್ದೆಗೆ ಇಳಿಯುತ್ತಿದ್ದವರಿಗೆ ಇದೇ ಗುಣ ವರವಾಗಿತ್ತು. ಸ್ಕಾರ್ಫ್ ಒಣಗಿಸುವವರಿಗೆ ಇದೇ ಕಾಟ. ಮುಟ್ಟಿ ನೋಡಿ ಒಣಗಿದೆ ಅಂತ ಪಿನ್ ತೆಗೆಯುತ್ತೀರಿ. ಒಳಗೆ ಇನ್ನೂ ಒದ್ದೆ. ಮರುದಿನ ತುದಿ ಮತ್ತೆ ಮುದುಡಿಕೊಂಡಿರುತ್ತದೆ. "ಎಷ್ಟು ಎಳೆದು ಪಿನ್ ಹಾಕಿದರೂ ನಿಲ್ಲುವುದಿಲ್ಲ" ಎನ್ನುವವರ ತೊಂದರೆ ಹೆಚ್ಚಾಗಿ ಇದೇ. ಕೈಯಿಂದ ಮುಟ್ಟಬೇಡಿ, ಕೆನ್ನೆಗೆ ಒತ್ತಿ. ತಣ್ಣಗೆ ಅನ್ನಿಸಿದರೆ ಒಣಗಿಲ್ಲ. ಇನ್ನೂ ಪಕ್ಕಾ ಬೇಕಾದರೆ ನೆನೆಸುವ ಮುಂಚೆ ತೂಕ ಬರೆದಿಟ್ಟು, ಪಿನ್ ತೆಗೆದು ಮತ್ತೆ ತೂಗಿ ನೋಡಿ. ಹೆಚ್ಚಿದ್ದರೆ ಮತ್ತೆ ಪಿನ್ ಚುಚ್ಚಿ ಬಿಡಿ.

ನೆನೆಸುವ ರೀತಿ ಹೀಗೆ. ಉಗುರುಬೆಚ್ಚಗಿನ ನೀರು, ಸ್ವಲ್ಪ ಅಂಟುವಾಳದ ನೊರೆ ಅಥವಾ ಶಾಂಪೂ, 20 ನಿಮಿಷ. ಉಜ್ಜಬಾರದು, ಹಿಂಡಬಾರದು. ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಬಚ್ಚಲ ಹಂಡೆಯ ಬಿಸಿ ನೀರು ಹೊಯ್ದು ತಿಕ್ಕಿದರೆ ಉಣ್ಣೆಯ ನಾರಿನ ಮೇಲಿನ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು ಸ್ಕಾರ್ಫ್ ಕುಗ್ಗಿ ದಪ್ಪಗಾಗುತ್ತದೆ. ಉಬ್ಬುಗಳೆಲ್ಲ ಕಲಸಿಹೋಗುತ್ತವೆ. ಅದನ್ನು ಸರಿ ಮಾಡುವ ದಾರಿ ಇಲ್ಲ.

ಒಣಗಿಸಲು ಬಚ್ಚಲ ಒಲೆಯ ಮೇಲಿನ ತಂತಿ ಕೈ ಬೀಸಿ ಕರೆಯುತ್ತದೆ, ಹೋಗಬೇಡಿ. ಹೊಗೆ ವಾಸನೆ ಉಣ್ಣೆಗೆ ಹಿಡಿದರೆ ಬೇಗ ಬಿಡದು. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಸ್ಕಾರ್ಫ್ ಉದ್ದವಾಗಿ, ಅಗಲ ಕಡಿಮೆಯಾಗುತ್ತದೆ. ಚಾಪೆಯ ಮೇಲೆ ಹಳೆ ಪಂಚೆ ಹಾಸಿ, ಸ್ಕಾರ್ಫ್ ಹರಡಿ, ಫ್ಯಾನಿನ ಕೆಳಗೆ ಬಿಡಿ. ಮೊದಲ ಪಿನ್ ಮೊನೆಗೆ, ಆಮೇಲೆ ಓರೆ ಅಂಚು. ಸಾದಾ ಗುಂಡುಪಿನ್ ಬೇಡ. ಒಣಗಲು ಎರಡು ಮೂರು ದಿನ ಹಿಡಿಯುವ ನಮ್ಮ ಹವೆಯಲ್ಲಿ ಅವು ತುಕ್ಕು ಹಿಡಿದು ಕಂದು ಚುಕ್ಕೆ ಬಿಡುತ್ತವೆ. ತುಕ್ಕು ಹಿಡಿಯದ ಪಿನ್ ಇಲ್ಲದಿದ್ದರೆ ಪೊರಕೆಗೆ ಇಟ್ಟ ತೆಂಗಿನ ಗರಿಯ ಒಣಕಡ್ಡಿ ಹುಡುಕಿ. ಚಾಕುವಿನಿಂದ ನುಣ್ಣಗೆ ಹೆರೆದು, ತೊಳೆದು, ಓರೆ ಅಂಚಿನ ಕುಣಿಕೆಗಳೊಳಗೆ ಪೋಣಿಸಿದರೆ ಅಂಚು ಗೆರೆ ಹೊಡೆದಷ್ಟು ನೇರ ಬರುತ್ತದೆ. ಕಡ್ಡಿಯ ಎರಡು ಕೊನೆಗೆ ಭಾರ ಇಟ್ಟರಾಯಿತು. ಹಸಿ ಕಡ್ಡಿ ಮಾತ್ರ ಬೇಡ, ಬಣ್ಣ ಬಿಡುತ್ತದೆ.

ಇಷ್ಟೆಲ್ಲ ಮಾಡಿದರೂ ಒಂಚೂರೂ ಬದಲಾಗಲಿಲ್ಲ ಎಂದರೆ ನಿಮ್ಮ ದಾರ ಅಕ್ರಿಲಿಕ್ ಇರಬಹುದು. ಪೇಟೆಯಲ್ಲಿ ಉಲ್ಲನ್ ಎಂದು ಸಿಗುವ ಉಂಡೆಗಳಲ್ಲಿ ಬಹಳಷ್ಟು ಅಕ್ರಿಲಿಕ್ಕೇ. ಲೇಬಲ್ ಓದಿ. ಲೇಬಲ್ ಇಲ್ಲದಿದ್ದರೆ ಒಂದು ತುಂಡು ದಾರವನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುವ ಬೂದಿ ಉಳಿದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಅಕ್ರಿಲಿಕ್ ನೀರಿಗೆ ಜಗ್ಗುವುದಿಲ್ಲ, ಉಗಿಗೆ ಜಗ್ಗುತ್ತದೆ. ಪಿನ್ ಹಾಕಿ ಹರಡಿ, ಇಸ್ತ್ರಿಪೆಟ್ಟಿಗೆಯನ್ನು ಮುಟ್ಟಿಸದೆ ಒಂದಂಗುಲ ಮೇಲಿನಿಂದ ಉಗಿ ಬಿಡಿ. ಮೊದಲು ಮೊನೆಗೆ ಮಾತ್ರ ಬಿಟ್ಟು ನೋಡಿ. ಉಗಿ ಜಾಸ್ತಿಯಾದರೆ ಉಬ್ಬು ಸತ್ತು, ಬಟ್ಟೆ ಜೋಲುಬೀಳುತ್ತದೆ. ಮತ್ತೆ ಹಿಂದಕ್ಕೆ ಬರುವುದಿಲ್ಲ.

ಪಟ್ಟೆ ಮತ್ತು ತೂತು

ನಡುವೆ ಬಣ್ಣ ಬದಲಾಗಿ ಪಟ್ಟೆ ಕಂಡರೆ ಎರಡು ಉಂಡೆಗಳ ಲಾಟ್ ನಂಬರ್ ಬೇರೆ ಇದೆ, ಅಂದರೆ ಒಂದೇ ಸಲ ಬಣ್ಣ ಹಾಕಿದ್ದಲ್ಲ. ಮುಂದೆ ಹಾಕುವಾಗ ಎರಡು ಸಾಲು ಇದರಿಂದ, ಎರಡು ಸಾಲು ಅದರಿಂದ ಹಾಕಿದರೆ ಬೆರೆತುಹೋಗುತ್ತದೆ.

ಎತ್ತಿಟ್ಟ ಸ್ಕಾರ್ಫಿನಲ್ಲಿ ತೂತು ಕಂಡರೆ ಅದರ ಅಂಚನ್ನು ನೋಡಿ. ಬುಡದಲ್ಲಿ ಇಡಿಯಾದ ಕುಣಿಕೆ, ಅದರ ಮೇಲೆ ಏಣಿಯಂತೆ ಅಡ್ಡ ದಾರಗಳಿದ್ದರೆ ಹೆಣೆಯುವಾಗ ಕುಣಿಕೆ ಬಿದ್ದದ್ದು. ಕ್ರೋಶಾ ಕಡ್ಡಿಯಿಂದ ಒಂದೊಂದೇ ಮೆಟ್ಟಿಲು ಎತ್ತಿ ಮೇಲೆ ತರಬಹುದು, ಮಾಸ್ ಆದ್ದರಿಂದ ಒಂದು ಸಲ ಎದುರಿನಿಂದ, ಒಂದು ಸಲ ಹಿಂದಿನಿಂದ. ಒಂದೇ ಕಡೆ ದಾರ ಎದ್ದು ಪಕ್ಕ ಸುಕ್ಕಾಗಿದ್ದರೆ ಬಳೆಗೋ ಮೊಳೆಗೋ ಸಿಕ್ಕಿದ್ದು, ಸೂಜಿಯಿಂದ ದಾರವನ್ನು ಹಂಚಿ. ದಾರದ ಕೊನೆಗಳು ಕತ್ತರಿಸಿದ ಹಾಗೆ ಮೊಟಕಾಗಿ, ಹತ್ತಿರ ಹತ್ತಿರ ಎರಡು ಮೂರು ತೂತಿದ್ದರೆ ನುಸಿ. ಅದು ತಿನ್ನುವುದು ಉಣ್ಣೆ, ರೇಷ್ಮೆಯಂಥದ್ದನ್ನು. ಬರೀ ಅಕ್ರಿಲಿಕ್ ಅದಕ್ಕೆ ಆಹಾರವಲ್ಲ. ನುಸಿ ಅಂತ ಗೊತ್ತಾದರೆ ತೂತು ಹೊಲಿಯುವುದಕ್ಕೆ ಅವಸರ ಬೇಡ, ಮೊಟ್ಟೆ ಇನ್ನೂ ಒಳಗಿರಬಹುದು. ಸ್ಕಾರ್ಫನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಡಿ. ನಮ್ಮಲ್ಲಿ ಕರೆಂಟ್ ಹೋದ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೊರಗೆ ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಬಿಟ್ಟು, ಆಮೇಲೆ ತೊಳೆದು ಹೊಲಿಯಿರಿ. ಅದೇ ಕಪಾಟಿನಲ್ಲಿದ್ದ ಬೇರೆ ಉಣ್ಣೆ ಬಟ್ಟೆ, ಅರ್ಧ ಉಳಿದ ಉಂಡೆಗಳನ್ನೂ ಅವತ್ತೇ ಕೊಡವಿ ನೋಡಿ.